ಇಳಕಲ್ ಸೀರೆ ವೆಬ್‌ಸೈಟ್, ಕೆಲಸದ ದಾಖಲೆ: ಡಿಸೈನ್‌ಗೂ ಮುಂಚಿನ 12 ದಿನ

ಕೆಲಸ ಇಷ್ಟು: ಇಳಕಲ್‌ನ ಕೈಮಗ್ಗ ನೇಕಾರರ ಒಂದು ಸಣ್ಣ ಸಂಘಕ್ಕೆ ಐದು ಪುಟದ ಕನ್ನಡ ವೆಬ್‌ಸೈಟ್. ಹೇಳುವ ಮಾತು ತೀರ್ಮಾನವಾಗುವವರೆಗೆ ಬಣ್ಣ, ಫಾಂಟ್, ಲೋಗೊ ಯಾವುದನ್ನೂ ಮುಟ್ಟುವುದಿಲ್ಲ. ಡಿಸೈನ್ ಎಂಬ ಡಬ್ಬಿ ಮೊದಲು ಬಂದರೆ ಅದರ ಅಳತೆಗೆ ಮಾತನ್ನು ಕತ್ತರಿಸಬೇಕಾಗುತ್ತದೆ, ಮುಖ್ಯವಾದದ್ದೇ ಹೊರಗೆ ಬೀಳುತ್ತದೆ.

ದಿನ 1–3
ಸಂಘದ ವಾಟ್ಸಾಪ್‌ಗೆ ಬಂದ ಕೊನೆಯ 80 ವಿಚಾರಣೆಗಳನ್ನು ಗಿರಾಕಿಗಳ ಮಾತಿನಲ್ಲೇ ಶೀಟ್‌ಗೆ ಇಳಿಸಲಾಯಿತು (ಹೆಸರು, ನಂಬರು ತೆಗೆದು). ತಿದ್ದಿ ಬರೆಯಬಾರದು, ಜನ ಬಳಸುವ ಪದವೇ ಮುಂದೆ ಶೀರ್ಷಿಕೆಗೆ ಬೇಕಾಗುತ್ತದೆ. ಬೆಲೆಯನ್ನು ಬಿಟ್ಟರೆ ಪದೇ ಪದೇ ಬಂದದ್ದು ಮೂರು ಪ್ರಶ್ನೆ: "ಕೈಮಗ್ಗದ್ದ ಅಂತ ಹೆಂಗ ಗೊತ್ತಾಗ್ತದ?", "ಪ್ಯೂರ್ ಸಿಲ್ಕ್ ಏನ್ರಿ?", "ಇದ ಬಣ್ಣದಾಗ ಇನ್ನೆರಡು ಸಿಗ್ತಾವ?" ಸಂಘದ ಹಳೆಯ ಕರಪತ್ರದ ಮುಕ್ಕಾಲು ಭಾಗ ಇತಿಹಾಸ. ಇತಿಹಾಸವನ್ನು ಕೇಳಿದವರು ಒಬ್ಬರೂ ಇಲ್ಲ.

ದಿನ 4–6
ಒಂದೇ ವಾಕ್ಯ ಹುಡುಕುವ ಕೆಲಸ. ಮೊದಲ ಕರಡು: "ಪರಂಪರೆಯ ಸೊಬಗು ನಿಮ್ಮ ಮನೆ ಬಾಗಿಲಿಗೆ". ಪರೀಕ್ಷೆ ಸರಳ. ವಾಕ್ಯದ ಕೆಳಗೆ ಬೇರೆ ಯಾವುದಾದರೂ ಸೀರೆ ಅಂಗಡಿಯ ಹೆಸರು ಬರೆದು ನೋಡಬೇಕು. ಆಗಲೂ ನಿಜವಾಗಿ ಕೇಳಿಸಿದರೆ ಆ ವಾಕ್ಯ ಬೇಡ. "ಗುಣಮಟ್ಟ", "ನಂಬಿಕೆ", "ತಲೆಮಾರು" ಇದ್ದ ಕರಡುಗಳೆಲ್ಲ ಹೀಗೆ ಹೋದವು.

ಉಳಿದದ್ದು ಕೊಂಡಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗಕ್ಕೆ ಕಟ್ಟುವ ಉದ್ದ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಒಂದರ ತುದಿಯ ಕುಣಿಕೆಗೆ ಇನ್ನೊಂದರ ಕುಣಿಕೆಯನ್ನು ಸಾಲಾಗಿ ಸಿಕ್ಕಿಸಿ ಕೂಡಿಸುತ್ತಾರೆ, ಆಮೇಲೆ ಹೊಕ್ಕು, ಅಂದರೆ ಅಡ್ಡ ಎಳೆ, ಹಾಯಿಸಿ ನೇಯುತ್ತಾರೆ. ಈ ಕೂಡಿಕೆಯೇ ಕೊಂಡಿ. ಹಾಗಾಗಿ ಪ್ರತಿ ಸೀರೆಗೂ ಪ್ರತ್ಯೇಕ ಹಾಸು ಸಿದ್ಧವಾಗಬೇಕು. ಈ ಒಂದು ಸಂಗತಿಯಲ್ಲೇ ಕೈಮಗ್ಗದ ಗುರುತಿದೆ, ತಡವಾಗುವ ಕಾರಣವಿದೆ, ಅದೇ ಬಣ್ಣದ ಇನ್ನೆರಡು ಥಟ್ಟನೆ ಸಿಗದಿರುವುದಕ್ಕೆ ಉತ್ತರವೂ ಇದೆ. ವಾಕ್ಯ ಹೀಗಾಯಿತು: "ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಕೂಡಿಸಿದ ಕೈಮಗ್ಗದ ಇಳಕಲ್ ಸೀರೆ. ಪ್ರತಿ ಸೀರೆಗೂ ಬೇರೆ ಹಾಸು."

ದಿನ 7–8
ಹೇಳಿದ್ದಕ್ಕೆಲ್ಲ ಪುರಾವೆ. ಮಗ್ಗದಿಂದ ಮಗ್ಗಕ್ಕೆ ಹೋಗಿ ನೋಡಿದಾಗ ಎರಡರಲ್ಲಿ ಕೊಂಡಿ ಇಲ್ಲದ ಸೀರೆ ನೇಯುತ್ತಿದ್ದರು. ಅವುಗಳಿಗೆ ಬೇರೆ ಪಟ್ಟಿ. ಮುಖ್ಯ ವಾಕ್ಯದ ಕೆಳಗೆ ಅವು ಬರಕೂಡದು.

ಸೆರಗು–ಒಡಲು ಕೂಡುವ ಜಾಗದ ಫೋಟೊ ಹಿಂಬದಿಯಿಂದ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಫ್ಲ್ಯಾಶ್ ಹಾಕಿದರೆ ಎಳೆಗಳ ನೆರಳು ಅಳಿಸಿಹೋಗಿ ಕುಣಿಕೆ ಕಾಣುವುದಿಲ್ಲ. ಕಿಟಕಿಯ ಓರೆ ಬೆಳಕೇ ಸರಿ.

"ಸಿಲ್ಕ್" ಎಂದು ಬರಿದೇ ಬರೆಯುವಂತಿಲ್ಲ. ಒಡಲು, ದಡಿ, ಸೆರಗು ಮೂರಕ್ಕೂ ಬೇರೆ ಬೇರೆಯಾಗಿ ಹತ್ತಿಯೋ, ಶುದ್ಧ ರೇಷ್ಮೆಯೋ, ಆರ್ಟ್ ಸಿಲ್ಕೋ (ಕೃತಕ ರೇಷ್ಮೆ) ನಮೂದಿಸಬೇಕು. ಸೀರೆ ವಾಪಸ್ ಬರುವ ಜಗಳ ಹುಟ್ಟುವುದೇ ಇಲ್ಲಿ. ಜಿಐ (ಭೌಗೋಳಿಕ ಸೂಚಕ) ಗುರುತನ್ನೂ ಸದ್ಯಕ್ಕೆ ಕೈಬಿಡಲಾಗಿದೆ. ಇಳಕಲ್ ಸೀರೆಗೆ ಜಿಐ ಇದೆ, ನಿಜ. ಆದರೆ 1999ರ ಕಾಯ್ದೆಯ ಪ್ರಕಾರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ ಆ ಹಕ್ಕು. ಸಂಘದ ನೋಂದಣಿ ಪತ್ರ ಕೈಗೆ ಬಂದ ಮೇಲೆ ನೋಡೋಣ.

ದಿನ 9–10
ಪುಟಗಳು ಹುಟ್ಟಿದ್ದು ಗಿರಾಕಿಗಳ ಪ್ರಶ್ನೆಗಳಿಂದಲೇ: ಮುಖಪುಟ, ಸೀರೆಗಳು, ಕೈಮಗ್ಗ ಗುರುತಿಸುವುದು, ಆರ್ಡರ್ ಮತ್ತು ದಿನಗಳು, ಸಂಘ. ಇತಿಹಾಸ ಕೊನೆಯ ಪುಟದಲ್ಲಿ ಒಂದು ಪ್ಯಾರಾ. ಬಟನ್ ಒಂದೇ, "ವಾಟ್ಸಾಪ್‌ನಲ್ಲಿ ಕೇಳಿ". ಫೋಟೊದಲ್ಲಿರುವ ಸೀರೆ ಇನ್ನೂ ಉಳಿದಿದೆಯೋ ಇಲ್ಲವೋ ತಿಳಿಯದೆ "ಈಗಲೇ ಖರೀದಿಸಿ" ಎನ್ನುವುದು ಸುಳ್ಳಾಗುತ್ತದೆ.

ದಿನ 11
ಕರಪತ್ರದ ಬರಹ ಹಳೆಯ ನುಡಿ ಫಾಂಟಿನಲ್ಲಿತ್ತು. ಬ್ರೌಸರ್‌ಗೆ ಹಾಕಿದರೆ ಬರೀ ಕಲಸುಮೇಲೋಗರದ ಇಂಗ್ಲಿಷ್ ಅಕ್ಷರ. ಯೂನಿಕೋಡ್‌ಗೆ (ಎಲ್ಲ ಬ್ರೌಸರ್‌ಗಳೂ ಓದುವ ಅಕ್ಷರ ಸಂಕೇತ) ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಒಂದೊಂದಾಗಿ ಓದಬೇಕು, ತಪ್ಪು ಹೆಚ್ಚಾಗಿ ಅಲ್ಲೇ. ಡಿಸೈನರ್‌ಗೆ ಲೊರೆಮ್ ಇಪ್ಸಮ್ (ಜಾಗ ತುಂಬಲು ಹಾಕುವ ಅರ್ಥವಿಲ್ಲದ ಲ್ಯಾಟಿನ್ ಬರಹ) ಬೇಡ, ನಿಜವಾದ ಬರಹವನ್ನೇ ಕೊಡಬೇಕು. ಲ್ಯಾಟಿನ್ ಲಿಪಿಯಲ್ಲಿ ಒತ್ತಕ್ಷರವಿಲ್ಲ. ಅಲ್ಲಿ ಚೆಂದ ಕೂತ ಸಾಲಿನ ಅಂತರಕ್ಕೆ ಕನ್ನಡ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 360 ಪಿಕ್ಸೆಲ್ ಅಗಲದಲ್ಲಿ (ಸಣ್ಣ ಫೋನ್ ಪರದೆಯಷ್ಟು), ಸಾಲಿನ ಎತ್ತರ ಅಕ್ಷರದ ಗಾತ್ರದ 1.6 ಪಟ್ಟು ಇರುವಂತೆ ಮುಖ್ಯ ವಾಕ್ಯವನ್ನು ಇಟ್ಟು ನೋಡಲಾಗಿದೆ.

ದಿನ 12
ಸೀರೆ ವ್ಯಾಪಾರ ಗೊತ್ತಿಲ್ಲದ ನಾಲ್ವರಿಗೆ ವಾಕ್ಯವನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿ, "ಇಲ್ಲಿ ಏನು ಸಿಗುತ್ತದೆ?" ಎಂದು ಕೇಳಲಾಯಿತು. ಇಬ್ಬರು "ಹುಕ್ ಇರೋ ಸೀರೆ" ಎಂದರು. ನೇಕಾರರಿಗೆ ನಿತ್ಯದ ಪದ ಬೇರೆಯವರಿಗೆ ಬಾಗಿಲ ಕೊಂಡಿ. ಸಾಲದ್ದಕ್ಕೆ ವೆಬ್‌ಸೈಟಿನಲ್ಲಿ ಕೊಂಡಿ ಎಂದರೆ ಲಿಂಕ್. ಹೊಸ ವಾಕ್ಯ: "ಸೆರಗಿನ ಎಳೆಗಳನ್ನು ಒಡಲಿಗೆ ಕೈಯಲ್ಲೇ ಕೂಡಿಸಿ ನೇಯ್ದ ಇಳಕಲ್ ಸೀರೆ. ಪ್ರತಿ ಸೀರೆಗೂ ಬೇರೆ ಹಾಸು." ಕೊಂಡಿ ಎಂಬ ಪದ ನಾಣ್ಯದ ಫೋಟೊದ ಅಡಿಬರಹಕ್ಕೆ ಇಳಿಯಿತು, ಚಿತ್ರ ಎದುರಿಗಿದ್ದರೆ ಪದ ತಾನಾಗಿ ಅರ್ಥವಾಗುತ್ತದೆ. ಬೇರೆ ನಾಲ್ವರಿಗೆ ತೋರಿಸಿದಾಗ ಹುಕ್ಕಿನ ಮಾತು ಬರಲಿಲ್ಲ.

ಬಾಕಿ: ಆರು, ಎಂಟು, ಒಂಬತ್ತು ವಾರಿ ಸೀರೆಗಳ ಉದ್ದವನ್ನು ಟೇಪ್ ಹಿಡಿದು ಅಳೆದು ಮೀಟರ್‌ನಲ್ಲೂ ಬರೆಯಬೇಕು. ಅದು ಮುಗಿದ ಮರುದಿನ ಡಿಸೈನ್ ಶುರು.