ಎರಡು ಕೇಸರದ ನೆಂಟಸ್ತಿಕೆ

ತುಳುವರ ಸೋಣ ತಿಂಗಳ (ಆಗಸ್ಟ್–ಸೆಪ್ಟೆಂಬರ್) ಬೆಳಗ್ಗೆ ಉಡುಪಿ ಕಡೆಯ ಅಂಗಳಗಳಲ್ಲಿ ಪಾರಿಜಾತ ಉದುರಿ ಬಿದ್ದಿರುತ್ತದೆ. ಅದೇ ಹೊತ್ತಿಗೆ ಶಂಕರಪುರದ ತೋಟಗಳಲ್ಲಿ ಮಲ್ಲಿಗೆಯ ಮೊಗ್ಗು ಕೊಯ್ಯುತ್ತಿರುತ್ತಾರೆ. ಮಳೆಗೆ ಇಳುವರಿ ಇಳಿದಿದ್ದರೂ ಬಿಸಿಲೇರುವ ಮೊದಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಟ್ಟೆ ಎಂಬ ಕಟ್ಟಿನ ಲೆಕ್ಕದಲ್ಲಿ ಕಳಿಸಬೇಕು. ಅರಳಿದ ಮಲ್ಲಿಗೆಗೆ ಬೆಲೆಯಿಲ್ಲ. ಪಾರಿಜಾತವೋ, ಅರಳಿ ಬಿದ್ದ ಮೇಲೆಯೇ ದೇವರ ಕೋಣೆಗೆ.

ಇವೆರಡೂ ಒಂದೇ ಕುಟುಂಬದವು, ಓಲಿಯೇಸಿ. ಆಲಿವ್ ಮರವೂ ಇದರದೇ. ಬಿಳಿ ಬಣ್ಣ, ರಾತ್ರಿಯ ಪರಿಮಳ ನೋಡಿ ಹಾಗೆ ತೀರ್ಮಾನಿಸಿದ್ದಲ್ಲ. ಬಿಳಿಯೇ ಲೆಕ್ಕವಾದರೆ ನಂದಿಬಟ್ಟಲೂ ನೆಂಟನಾಗಬೇಕಿತ್ತು. ಅದರ ಎಲೆ ಮುರಿದರೆ ಹಾಲು ಒಸರುತ್ತದೆ, ಹೂವಿನೊಳಗೆ ಐದು ಕೇಸರ. ಅದು ಕಣಗಿಲೆಯ ಬಳಗ.

ಬಿದ್ದ ಒಂದು ಪಾರಿಜಾತ ಎತ್ತಿಕೊಳ್ಳಿ. ಕಿತ್ತಳೆ ಬಣ್ಣದ ಭಾಗ ತೊಟ್ಟಲ್ಲ, ದಳಗಳೇ ಬುಡದಲ್ಲಿ ಕೂಡಿ ಆದ ಕೊಳವೆ. ಉಗುರಿನಿಂದ ಉದ್ದಕ್ಕೆ ಸೀಳಿದರೆ ಬೆರಳು ಹಳದಿಯಾಗುತ್ತದೆ. ಬಾಯಿಯ ಹತ್ತಿರ ಒಳಗೋಡೆಗೆ ಅಂಟಿಕೊಂಡ ಎರಡೇ ಕೇಸರ ಕಾಣುತ್ತವೆ. ಅಂಡಾಶಯ ಮಾತ್ರ ಸಿಗದು, ಅದು ಗಿಡದಲ್ಲೇ ಉಳಿದಿರುತ್ತದೆ. ಈಗ ಮಲ್ಲಿಗೆ ಕುಲದ ಜಾಜಿ ಸೀಳಿ ನೋಡಿ, ಅಲ್ಲೂ ಎರಡೇ. ನೆಂಟಸ್ತಿಕೆಯ ಗುರುತು ಇದೇ. ಸುತ್ತು ಹೆಚ್ಚಿರುವ ದುಂಡುಮಲ್ಲಿಗೆಯಲ್ಲಿ ಹುಡುಕಿದರೆ ದಳಗಳ ನಡುವೆ ತಡಕಾಡಿ ಸುಸ್ತಾಗುವುದೇ ಸರಿ.

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಮಲ್ಲಿಗೆ, ಪಾರಿಜಾತ ಎರಡನ್ನೂ ಒಂದೇ ಕುಲದಲ್ಲಿ, ನಿಕ್ಟಾಂಥಸ್ ಎಂದು ಸೇರಿಸಿದ್ದ. 1789ರಲ್ಲಿ ಸಸ್ಯಶಾಸ್ತ್ರಜ್ಞ ಐಟನ್ ಮಲ್ಲಿಗೆಯನ್ನು ಜಾಸ್ಮಿನಮ್ ಕುಲಕ್ಕೆ ಒಯ್ದ. ಆಮೇಲೆ ಪಾರಿಜಾತದ ಚೌಕ ಕಾಂಡ ನೋಡಿದ ಕೆಲವರು ಅದನ್ನು ಆಗ ತೇಗವೂ ಇದ್ದ ವರ್ಬಿನೇಸಿ ಕುಟುಂಬಕ್ಕೂ ದೂಡಿದ್ದರು. ಈಗ ಮರಳಿ ಓಲಿಯೇಸಿಗೇ ಬಂದಿದೆ, ಆದರೆ ಮಲ್ಲಿಗೆಯ ಒಡಹುಟ್ಟಾಗಿ ಅಲ್ಲ, ದೂರದ ದಾಯಾದಿಯಾಗಿ. ಕಾಯಿ ನೋಡಿದರೆ ಈ ದೂರ ತಿಳಿಯುತ್ತದೆ: ಮಲ್ಲಿಗೆ ಕುಲದ್ದು ರಸವಿರುವ ಕಪ್ಪು ಹಣ್ಣು, ಪಾರಿಜಾತದ್ದು ಚಪ್ಪಟೆ ಒಣ ಬಿಲ್ಲೆ, ಒಳಗೆ ಎರಡು ಬೀಜ. ಎಲೆಯೂ ಹಾಗೆ, ಮಲ್ಲಿಗೆಯದು ನುಣುಪು, ಪಾರಿಜಾತದ್ದು ಉಜ್ಜಿದರೆ ಗೀರುವಷ್ಟು ಒರಟು.

ನಮ್ಮ ಮಲ್ಲಿಗೆ ಕಾಯಿ ಕಟ್ಟುವುದೇ ಅಪರೂಪ. ಹಾಗಾಗಿ ಮೂರು ನಾಲ್ಕು ಗೆಣ್ಣಿನ, ಬಲಿತ ಕಡ್ಡಿಯನ್ನು ಮಳೆಗಾಲದ ಆರಂಭದಲ್ಲಿ ಮರಳಿಗೆ ನೆಡುತ್ತಾರೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಗಿಡ ಸೊರಗುತ್ತದೆ, ಆದ್ದರಿಂದ ದಿಣ್ಣೆ ಮಾಡಿಯೇ ನೆಡಬೇಕು. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಸವರದ ಗಿಡ ಸೊಪ್ಪಾಗಿ ಹಬ್ಬುತ್ತದೆ ಅಷ್ಟೆ. ಮೊಗ್ಗು ನೇರಳೆಗೆ ತಿರುಗಿದರೆ ಒಳಗೆ ಹುಳ ಕೊರೆಯುತ್ತಿದೆ ಎಂದರ್ಥ, ಕಿತ್ತು ಸುಡುವುದೇ ಲೇಸು.

ಪಾರಿಜಾತಕ್ಕೆ ಇಷ್ಟು ಆರೈಕೆ ಬೇಡ. ಕಾಯಿ ಗಿಡದಲ್ಲೇ ಕಂದು ಬಣ್ಣಕ್ಕೆ ತಿರುಗಲಿ, ಹಸಿರಿರುವಾಗ ಕೊಯ್ದ ಬೀಜ ಮೊಳೆಯುವ ಭರವಸೆಯಿಲ್ಲ.