ಕೆಂಪು ನೀಲಿ ಕೂಡಿದರೆ ನೇರಳೆಯಲ್ಲ
ಅಕ್ವೇರಿಯಂನಲ್ಲಿ ಸಾಕುವ ಪುಟ್ಟ ಕೆಂಪು ಚೆರ್ರಿ ಸೀಗಡಿಗಳ ತೊಟ್ಟಿಗೆ ನೀಲಿಯವನ್ನೂ ಬಿಟ್ಟರೆ ನೇರಳೆ ಮರಿಗಳು ಹುಟ್ಟುತ್ತವೆಯೇ ಎಂದು ಗೆಳೆಯರೊಬ್ಬರು ಕೇಳಿದರು. ಕುಂಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೆಂಪು, ನೀಲಿ, ಹಳದಿ ಎಲ್ಲವೂ ನಿಯೋಕ್ಯಾರಿಡಿನಾ ಡೇವಿಡಿ ಎಂಬ ಒಂದೇ ಪ್ರಭೇದ. ಬಣ್ಣವನ್ನು ಮನುಷ್ಯರು ಪೀಳಿಗೆಯಿಂದ ಪೀಳಿಗೆಗೆ ಆರಿಸಿ ಆರಿಸಿ ಗಟ್ಟಿ ಮಾಡಿದ್ದಾರೆ, ಅಷ್ಟೇ. ಬೆರೆಸಿದರೆ ಕೆಲವೇ ಪೀಳಿಗೆಗಳಲ್ಲಿ ಹೆಚ್ಚಿನವು ಕಂದು ಚುಕ್ಕೆಯ, ಅರೆಪಾರದರ್ಶಕ ಮೈಯ ಮೂಲರೂಪಕ್ಕೆ ಮರಳುತ್ತವೆ. ಇದನ್ನು ‘ತಳಿ ಕೆಟ್ಟಿತು’ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಹಸಿದ ಮೀನಿನ ಕಣ್ಣು ತಪ್ಪಿಸಲು ಅದಕ್ಕಿಂತ ಒಳ್ಳೆಯ ಅಂಗಿ ಎಲ್ಲಿದೆ? ಕಡುಗೆಂಪು ಬೇಕಾಗಿರುವುದು ನಮಗೆ, ಸೀಗಡಿಗಲ್ಲ.

ಸಾಕು ಸೀಗಡಿಗಳ ಇನ್ನೊಂದು ಕುಲವಾದ ಕ್ಯಾರಿಡಿನಾದಲ್ಲಿ ಆಟ ಬೇರೆ. ಅಲ್ಲಿ ದಪ್ಪ ಪಟ್ಟೆಗಳ ಬೀ ಸೀಗಡಿಯನ್ನು ತೆಳು ಗೆರೆಗಳ ಟೈಗರ್ ಸೀಗಡಿಯೊಡನೆ ಕೂಡಿಸಿ ‘ಟಿಬೀ’ ಎಂಬ ಮಿಶ್ರತಳಿ ಪಡೆಯುತ್ತಾರೆ. ಮೊದಲ ಪೀಳಿಗೆ ಬಹುಮಟ್ಟಿಗೆ ಸಪ್ಪೆ. ಅವುಗಳನ್ನೇ ಮತ್ತೆ ಕೂಡಿಸಿದಾಗ ಅಡಗಿದ್ದ ಗುಣಗಳು ಹೊರಬೀಳುತ್ತವೆ. ಆತುರಗಾರರಿಗಲ್ಲ ಇದು: ತಾಯಿ ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತು ಅವುಗಳಿಗೆ ನೀರು ಬೀಸುತ್ತಲೇ ಸುಮಾರು ಒಂದು ತಿಂಗಳು ಕಳೆಯುತ್ತದೆ.

ನಿಯೋಕ್ಯಾರಿಡಿನಾ, ಕ್ಯಾರಿಡಿನಾ ಎಂಬ ಈ ಎರಡು ಕುಲಗಳು ಮಾತ್ರ ಪರಸ್ಪರ ಕೂಡಿ ಮರಿ ಮಾಡುವುದಿಲ್ಲ. ಹಾಗೆಂದು ಒಂದೇ ತೊಟ್ಟಿಯಲ್ಲಿಡುವ ಮುನ್ನ ನೀರು ನೋಡಿ. ಬೀ ಸೀಗಡಿಗೆ ಮೆದು, ತುಸು ಆಮ್ಲೀಯ ನೀರು ಬೇಕು, ಚೆರ್ರಿಗೆ ಗಡಸು ನೀರೇ ಹಿತ.