ಪಹಣಿಯ ಹೆಸರು, ಆಧಾರಿನ ಹೆಸರು

ನಾನು ಪುಣೆಯ ಚಿಂಚವಾಡಕ್ಕೆ ಬಂದು ಹದಿನೆಂಟು ವರ್ಷಗಳಾದರೂ, ಇಂಡಿ ತಾಲ್ಲೂಕಿನ ನಮ್ಮ ಹೊಲದ ಕಾಗದಪತ್ರದ ಮಾತು ಬಂದಾಗಲೆಲ್ಲ ಕಾಕಾ ಫೋನು ಮಾಡುವುದು ನನಗೇ. ಈ ಸಲ ಕೇಂದ್ರ ಸರ್ಕಾರ ರೈತರಿಗೆ ಕೊಡುವ ಪಿಎಂ ಕಿಸಾನ್ ಹಣದ ಅವರ ಕಂತು ನಿಂತಿತ್ತು. ಪಹಣಿಯಲ್ಲಿ ಅವರು ಮಲ್ಲಿಕಾರ್ಜುನ, ಆಧಾರಿನಲ್ಲಿ ಮಲ್ಲಪ್ಪ. "ಸರ್ಕಾರಕ್ಕ ನನ್ನ ಹೊಲ ಗೊತ್ತೈತಿ, ನಾ ಯಾರಂತ ಗೊತ್ತಿಲ್ಲೇನು?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

2019ರ ಫೆಬ್ರುವರಿಯಲ್ಲಿ ಆರಂಭವಾದ ಈ ಯೋಜನೆ ಕೊಡುವವರ ಕಡೆಯಿಂದ ನೋಡಿದರೆ ಬಹಳ ಸರಳವಾಗಿದೆ. ವರ್ಷಕ್ಕೆ 6,000 ರೂಪಾಯಿ, ತಲಾ 2,000ದಂತೆ ಮೂರು ಕಂತುಗಳಲ್ಲಿ ನೇರವಾಗಿ ಖಾತೆಗೆ ಬರುತ್ತದೆ. ಯಾವ ಬೆಳೆ ಬಿತ್ತಿದಿರಿ, ಎಷ್ಟು ಚೀಲ ಗೊಬ್ಬರ ಹಾಕಿದಿರಿ ಎಂದು ಯಾರೂ ಕೇಳುವುದಿಲ್ಲ. ಹನಿ ನೀರಾವರಿಯ ಸಹಾಯಧನ ಹಾಗಲ್ಲ. ಕೇಂದ್ರದ ಮಾರ್ಗಸೂಚಿಯಂತೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ವೆಚ್ಚದ ಶೇ. 55, ಉಳಿದವರಿಗೆ ಶೇ. 45 ಎಂದಿದ್ದರೂ ಅರ್ಜಿ, ಮಂಜೂರಾತಿ, ಅಳವಡಿಕೆ, ಸ್ಥಳ ಪರಿಶೀಲನೆಗಳೆಲ್ಲ ಮುಗಿಯುವುದರೊಳಗೆ ಎರಡು ಎಕರೆಯವನ ಉತ್ಸಾಹ ಒಣಗಿರುತ್ತದೆ.

ಪಿಎಂ ಕಿಸಾನ್‌ನಲ್ಲಿ ತೊಡಕಿರುವುದು ಹಣ ಹೊರಡುವ ಮೊದಲೇ. ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ದೃಢೀಕರಣ, ಆಗಬೇಕು; ಜಮೀನಿನ ದಾಖಲೆ ಜೋಡಣೆಯಾಗಬೇಕು, ಬ್ಯಾಂಕ್ ಖಾತೆಗೆ ಆಧಾರ್ ಸೇರಬೇಕು. ಐವತ್ತು ವರ್ಷ ಕುಂಟೆ ಹಿಡಿದ ಬೆರಳಿನ ಗೆರೆ ಯಂತ್ರಕ್ಕೆ ಸುಲಭವಾಗಿ ಕಾಣುವುದಿಲ್ಲ. ಎರಡು ಬ್ಯಾಂಕುಗಳಲ್ಲಿ ಖಾತೆಯಿದ್ದರೆ, ಆಧಾರ್ ಕೊನೆಯದಾಗಿ ಯಾವುದಕ್ಕೆ ಜೋಡಣೆಯಾಗಿದೆಯೋ ಅದಕ್ಕೆ ಹಣ ಹೋಗುತ್ತದೆ; ರೈತ ಇನ್ನೊಂದರ ಪಾಸ್‌ಬುಕ್ ಹಿಡಿದು ಅಲೆಯುತ್ತಾನೆ. ಅಪ್ಪ ತೀರಿಕೊಂಡು ಪೌತಿ ಖಾತೆ (ಜಮೀನು ವಾರಸುದಾರರ ಹೆಸರಿಗೆ ಬದಲಾಗುವುದು) ಆಗದ ಮನೆಗಳಲ್ಲಂತೂ ಉಳುವ ಮಗನ ಹೆಸರು ದಾಖಲೆಯಲ್ಲೇ ಇರುವುದಿಲ್ಲ. ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡುವವನಿಗೆ ಈ ಯೋಜನೆಯಲ್ಲಿ ಮೊದಲಿನಿಂದಲೂ ಜಾಗವಿಲ್ಲ.

ಇಲ್ಲಿ ಮಹಾರಾಷ್ಟ್ರದಲ್ಲಿ 2023ರಲ್ಲಿ ಘೋಷಿಸಿದ ನಮೋ ಶೇತಕರಿ ಯೋಜನೆ ಇನ್ನೂ 6,000 ಸೇರಿಸುತ್ತದೆ, ಅದೂ ಪಿಎಂ ಕಿಸಾನ್ ಪಟ್ಟಿಯನ್ನೇ ಆಧರಿಸಿ. ಬೇರೆ ಅರ್ಜಿಯ ಗೋಜಿಲ್ಲವೆಂದು ಸೋಲಾಪುರ ಕಡೆಯ ನನ್ನ ಸಹೋದ್ಯೋಗಿ ಮೆಚ್ಚಿಕೊಳ್ಳುತ್ತಾನೆ, ನಾನೂ ಒಪ್ಪುತ್ತೇನೆ. ಆದರೆ ಒಂದು ಪಟ್ಟಿಯಿಂದ ಜಾರಿದವನು ಎರಡನ್ನೂ ಕಳೆದುಕೊಳ್ಳುತ್ತಾನೆ ಎಂಬುದು ಆ ಸರಳತೆಯೊಳಗೇ ಇದೆ. (ಕರ್ನಾಟಕ ಕೊಡುತ್ತಿದ್ದ ಹೆಚ್ಚುವರಿ 4,000 ನಿಂತೇ ಹೋಯಿತು. ಅದರ ಚರ್ಚೆ ಬೇರೆ.)

ಕರ್ನಾಟಕದ ‘ಭೂಮಿ’ ತಂತ್ರಾಂಶದಲ್ಲಿ ಪಹಣಿಯಿದೆ, ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶದಲ್ಲಿ ರೈತನ ಗುರುತಿನ ಸಂಖ್ಯೆಯಿದೆ, ಆಧಾರ್ ಅಂತೂ ಸರ್ಕಾರದ್ದೇ. ಇಷ್ಟಿರುವಾಗ ಅವುಗಳ ನಡುವಿನ ಅಕ್ಷರವ್ಯತ್ಯಾಸ ತಿದ್ದುವ ಹೊಣೆಯನ್ನು ಫಲಾನುಭವಿಯ ತಲೆಗೆ ಕಟ್ಟುವುದು ಸರಿಯೆಂದು ನನಗನ್ನಿಸುವುದಿಲ್ಲ. ಹೆಸರು ಹೊಂದದಿದ್ದರೆ ಕಂತು ತಡೆಯುವ ಮೊದಲು ಕಾರಣವನ್ನು ಕನ್ನಡದಲ್ಲಿ ತಿಳಿಸಲಿ. ಎರಡೂ ಹೆಸರು ಒಬ್ಬರದೇ ಎಂದು ಊರಿನ ಗ್ರಾಮ ಆಡಳಿತ ಅಧಿಕಾರಿ ಬರೆದುಕೊಟ್ಟರೆ ಅದನ್ನೇ ಒಪ್ಪಿಕೊಳ್ಳಲಿ.

ಕಾಕಾ ಈಗಾಗಲೇ ಮೂರು ಸಲ ಇಂಡಿಗೆ ಹೋಗಿಬಂದಿದ್ದಾರೆ. ಇನ್ನೊಮ್ಮೆ ಅಫಿಡವಿಟ್ ತರಲು ಹೇಳಿದ್ದಾರಂತೆ. ತೊಗರಿಯ ರಾಶಿ ಮುಗಿದ ಮೇಲೆ ಹೋಗುತ್ತಾರೆ.